ಡಾ. ಗ್ಯಾಟ್ಲಿಂಗ್ ಹಾಕಿದ ಲೆಕ್ಕ

ನಿಮಿಷಕ್ಕೆ ನೂರಾರು ಗುಂಡು ಹಾರಿಸುವ ಕೋವಿಯನ್ನು ಮೊದಲು ಯಶಸ್ವಿಯಾಗಿ ಮಾಡಿ ತೋರಿಸಿದವನು ಸೈನಿಕನಲ್ಲ. ಕೋವಿ ತಯಾರಕರ ಮನೆತನದವನೂ ಅಲ್ಲ. ಆತ ವೈದ್ಯಶಾಸ್ತ್ರ ಓದಿ ಪದವಿ ಪಡೆದವನು, ಬೀಜ ಬಿತ್ತುವ ಯಂತ್ರಗಳನ್ನು ಮಾಡಿ ಮಾರಿ ಹಣ ಗಳಿಸಿದವನು. ಹೆಸರು ರಿಚರ್ಡ್ ಜೋರ್ಡನ್ ಗ್ಯಾಟ್ಲಿಂಗ್. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಆತ ಇಂಡಿಯಾನಾಪೊಲಿಸ್ ನಗರದಲ್ಲಿ ವಾಸವಾಗಿದ್ದ. ರಣರಂಗಕ್ಕೆ ಹೊರಟ ಪಡೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಕೆಲವು ವಾರಗಳಲ್ಲೇ ಗಾಯಾಳುಗಳು, ರೋಗಿಗಳು, ಹೆಣಗಳು ಅಲ್ಲಿಗೇ ಹಿಂತಿರುಗುತ್ತಿದ್ದವು.

ಈ ದೃಶ್ಯ ತನ್ನಲ್ಲಿ ಹುಟ್ಟಿಸಿದ ಯೋಚನೆಯನ್ನು ಗ್ಯಾಟ್ಲಿಂಗ್ 1877ರಲ್ಲಿ ಬರೆದ ಪತ್ರವೊಂದರಲ್ಲಿ ವಿವರಿಸಿದ್ದಾನೆ. ಸತ್ತವರಲ್ಲಿ ಹೆಚ್ಚಿನವರು ಗುಂಡೇಟಿನಿಂದ ಸತ್ತವರಲ್ಲ, ದಂಡಿನಲ್ಲಿ ಹರಡಿದ ರೋಗಗಳಿಂದ ಸತ್ತವರು ಎಂಬುದನ್ನು ಆತ ಗಮನಿಸಿದ. ಒಬ್ಬ ಸೈನಿಕ ನೂರು ಸೈನಿಕರ ಕೆಲಸ ಮಾಡುವಂತಹ ಕೋವಿಯೊಂದನ್ನು ಮಾಡಿಕೊಟ್ಟರೆ ದೊಡ್ಡ ಸೈನ್ಯಗಳ ಅಗತ್ಯವೇ ಇರುವುದಿಲ್ಲ. ಸೈನ್ಯ ಚಿಕ್ಕದಾದರೆ ಗುಂಡಿಗೂ ರೋಗಕ್ಕೂ ತುತ್ತಾಗುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಇದು ಆತ ಹಾಕಿದ ಲೆಕ್ಕ.

ಇದನ್ನು ವ್ಯಾಪಾರಿಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಆತ ಗಮನಿಸಿದ ಸಂಗತಿ ಮಾತ್ರ ಸುಳ್ಳಲ್ಲ. 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡ ಆ ಯುದ್ಧದಲ್ಲಿ ಮೂರರಲ್ಲಿ ಎರಡು ಪಾಲು ಸಾವುಗಳಿಗೆ ಕಾರಣವಾದದ್ದು ಭೇದಿ, ವಿಷಮಶೀತ ಜ್ವರ, ನ್ಯುಮೋನಿಯಾದಂತಹ ರೋಗಗಳೇ. ಗ್ಯಾಟ್ಲಿಂಗ್ ಕಂಡ ಕಾಯಿಲೆ ಸರಿಯಾಗಿತ್ತು. ಆತ ಕೊಟ್ಟ ಮದ್ದು ಏನು ಮಾಡಿತು ಎಂಬುದೇ ಶೀಘ್ರಗತಿಯ ಕೋವಿಗಳ ಕಥೆ.

ಒಂದೊಂದೇ ಗುಂಡಿನ ಕಾಲ

ಒಂದರ ಹಿಂದೊಂದು ಗುಂಡು ಹಾರಿಸುವ ಆಸೆ ಮದ್ದಿನಷ್ಟೇ ಹಳೆಯದು. ಹಳೆಯ ಕಾಲದ ಕೋವಿಗೆ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಿ, ಸಲಾಕೆಯಿಂದ ಜಡಿದು, ಬತ್ತಿಯಿಂದಲೋ ಚಕಮಕಿ ಕಲ್ಲಿನಿಂದಲೋ ಕಿಡಿ ತಾಗಿಸಬೇಕಿತ್ತು. ನುರಿತ ಸೈನಿಕನೂ ನಿಮಿಷಕ್ಕೆ ಮೂರು ಬಾರಿಗಿಂತ ಹೆಚ್ಚು ಗುಂಡು ಹಾರಿಸುವುದು ಕಷ್ಟವಿತ್ತು. ಮಳೆ ಬಂದರೆ ಅದೂ ಇಲ್ಲ.

ಇದಕ್ಕೆ ಹಲವರು ಕಂಡುಕೊಂಡ ಉಪಾಯ ನಳಿಗೆಗಳ ಸಂಖ್ಯೆ ಹೆಚ್ಚಿಸುವುದು. ಲಿಯೊನಾರ್ಡೊ ಡ ವಿಂಚಿ 33 ನಳಿಗೆಗಳ ಗಾಡಿಯೊಂದರ ಚಿತ್ರ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಅಕ್ಬರನ ಆಸ್ಥಾನದಲ್ಲಿ 17 ಕೋವಿಗಳನ್ನು ಜೋಡಿಸಿ ಒಂದೇ ಬತ್ತಿಯಿಂದ ಹಾರಿಸುವ ಏರ್ಪಾಡು ಇತ್ತೆಂದು ಐನ್-ಎ-ಅಕ್ಬರಿ ಹೇಳುತ್ತದೆ. ಆದರೆ ಇವು ಶೀಘ್ರಗತಿಯ ಕೋವಿಗಳಲ್ಲ. ಒಮ್ಮೆಗೇ ಹಲವು ಗುಂಡು ಹಾರಿದ ಮೇಲೆ ಎಲ್ಲ ನಳಿಗೆಗಳನ್ನೂ ಮತ್ತೆ ಒಂದೊಂದಾಗಿ ತುಂಬುತ್ತ ಕೂರಬೇಕು. ಅಷ್ಟರಲ್ಲಿ ಶತ್ರುವಿನ ಕುದುರೆ ಮೈಮೇಲೆ ಬಂದಿರುತ್ತದೆ.

1718ರಲ್ಲಿ ಲಂಡನ್ನಿನ ಜೇಮ್ಸ್ ಪಕಲ್ ಎಂಬ ವಕೀಲ ಇನ್ನೊಂದು ದಾರಿ ಹಿಡಿದ. ನಳಿಗೆ ಒಂದೇ; ಅದರ ಹಿಂದೆ ಮೊದಲೇ ತುಂಬಿಟ್ಟ ಕೋಣೆಗಳ ಗುಂಡಾಲಿ. ಕೈಯಿಂದ ತಿರುಗಿಸಿದಂತೆ ಒಂದೊಂದು ಕೋಣೆ ನಳಿಗೆಯ ಹಿಂದೆ ಬಂದು ನಿಲ್ಲುತ್ತದೆ. 1722ರಲ್ಲಿ ನಡೆದ ಪ್ರದರ್ಶನದಲ್ಲಿ ಮಳೆಯ ನಡುವೆಯೇ 7 ನಿಮಿಷಗಳಲ್ಲಿ 63 ಗುಂಡುಗಳನ್ನು ಹಾರಿಸಲಾಯಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ. ಆದರೂ ಕೊಳ್ಳುವವರು ಬರಲಿಲ್ಲ. ಈ ಕೋವಿಯ ಪೇಟೆಂಟ್ ಪತ್ರದಲ್ಲಿ ಒಂದು ವಿಚಿತ್ರ ವಿವರವಿದೆ: ಕ್ರೈಸ್ತರ ಮೇಲೆ ಹಾರಿಸಲು ದುಂಡನೆಯ ಗುಂಡು, ತುರ್ಕರ ಮೇಲೆ ಹಾರಿಸಲು ಚೌಕಾಕಾರದ ಗುಂಡು. ಚೌಕ ಗುಂಡು ಹೆಚ್ಚು ನೋವು ಕೊಡುತ್ತದೆಂಬ ನಂಬಿಕೆ! ನಮ್ಮವರಿಗೆ ಒಂದು ಅಸ್ತ್ರ, ಪರರಿಗೆ ಇನ್ನೊಂದು ಎಂಬ ಈ ಭೇದಭಾವ ಪಕಲ್‌ನೊಂದಿಗೆ ಮುಗಿಯಲಿಲ್ಲ.

ನಿಜವಾದ ತೊಡಕು ಇದ್ದದ್ದು ಕೋವಿಯಲ್ಲಲ್ಲ, ಗುಂಡಿನಲ್ಲಿ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿಯ ಕಿಡಿ ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ, ಬಡಿದರೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದ. ಮುಂದಿನ ಐವತ್ತು ವರ್ಷಗಳಲ್ಲಿ ಸಿಡಿಮದ್ದು, ಕೋವಿಮದ್ದು, ಗುಂಡು ಮೂರೂ ಒಂದೇ ಲೋಹದ ಚಿಪ್ಪಿನೊಳಗೆ ಸೇರಿ ಇಂದಿನ ತೋಟಾ ರೂಪುಗೊಂಡಿತು. ನೀರು ತಾಗಿದರೂ ಕೆಡದ, ಹಿಂದಿನಿಂದ ತುಂಬಬಹುದಾದ, ಎಲ್ಲವೂ ಒಂದೇ ಅಳತೆಯ ಈ ತೋಟಾ ಬಂದ ಮೇಲೆಯೇ ಕೋವಿಗೆ ಯಂತ್ರದಿಂದ ಉಣಿಸುವುದು ಸಾಧ್ಯವಾದದ್ದು.

ಕೂರಿಗೆಯಿಂದ ಕೋವಿಗೆ

ಗ್ಯಾಟ್ಲಿಂಗ್ 1862ರ ನವೆಂಬರ್ 4ರಂದು ಪೇಟೆಂಟ್ ಪಡೆದ ಕೋವಿಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ರೈತರ ಕೂರಿಗೆಯನ್ನು ನೆನೆದರೆ ಸಾಕು. ಕೂರಿಗೆಯ ಬಟ್ಟಲಿಗೆ ಹಾಕಿದ ಬೀಜ ತನ್ನ ಭಾರದಿಂದಲೇ ಇಳಿದು ಒಂದೊಂದು ಕೊಳವೆಯ ಮೂಲಕ ನೆಲ ಸೇರುತ್ತದೆ. ಈತನ ಕೋವಿಯ ಮೇಲೂ ಅಂಥದೇ ಬಟ್ಟಲು. ಅದರಿಂದ ತೋಟಾಗಳು ಒಂದೊಂದಾಗಿ ಕೆಳಗೆ ಬೀಳುತ್ತವೆ. ಕೆಳಗೆ ಆರು ನಳಿಗೆಗಳ ಕಟ್ಟು. ಹಿಡಿ ತಿರುಗಿಸಿದರೆ ಆ ಕಟ್ಟು ಸುತ್ತುತ್ತದೆ. ಮೇಲೆ ಬಂದಾಗ ತೋಟಾ ಪಡೆದ ನಳಿಗೆ ಕೆಳಗೆ ಬಂದಾಗ ಗುಂಡು ಹಾರಿಸುತ್ತದೆ. ಮತ್ತೆ ಮೇಲೇರುವಾಗ ಖಾಲಿ ಚಿಪ್ಪನ್ನು ಉಗುಳುತ್ತದೆ. ಒಂದು ಸುತ್ತಿಗೆ ಒಂದು ನಳಿಗೆಯಿಂದ ಒಂದೇ ಗುಂಡು ಹೊರಡುವುದರಿಂದ ನಳಿಗೆಗೆ ತಣ್ಣಗಾಗಲು ಬಿಡುವೂ ಸಿಗುತ್ತದೆ. ಮೊದಲ ಮಾದರಿಯೇ ನಿಮಿಷಕ್ಕೆ ಸುಮಾರು 200 ಗುಂಡು ಹಾರಿಸುತ್ತಿತ್ತು.

ಸೈನ್ಯ ಇದನ್ನು ಎರಡೂ ಕೈಚಾಚಿ ಸ್ವಾಗತಿಸಿತು ಎನ್ನುವಂತಿಲ್ಲ. ಅಂತರ್ಯುದ್ಧದಲ್ಲಿ ಬೆಂಜಮಿನ್ ಬಟ್ಲರ್ ಎಂಬ ಸೇನಾಪತಿ 12 ಕೋವಿಗಳನ್ನು ಕೊಂಡದ್ದು ಬಿಟ್ಟರೆ ಅದರ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಅಮೆರಿಕದ ಸೈನ್ಯ ಅದನ್ನು ಅಧಿಕೃತವಾಗಿ ಸ್ವೀಕರಿಸಿದ್ದು ಯುದ್ಧ ಮುಗಿದ ಮೇಲೆ, 1866ರಲ್ಲಿ. ಫಿರಂಗಿಯಂತೆ ದೊಡ್ಡ ಗಾಲಿಗಳ ಮೇಲೆ ಕೂತ ಈ ಭಾರದ ವಸ್ತುವನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಸೇನಾಧಿಕಾರಿಗಳಿಗೆ ತಿಳಿಯಲಿಲ್ಲ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗಕ್ಕೆ ಹೊರಟ ಕಸ್ಟರ್, ಗ್ಯಾಟ್ಲಿಂಗ್ ಕೋವಿಗಳನ್ನು ಕೊಡುತ್ತೇವೆಂದರೂ ಬೇಡವೆಂದು ಹೋದ. ಲಕೋಟ ಮತ್ತು ಚೆಯೆನ್ ಯೋಧರ ಕೈಯಲ್ಲಿ ಹತನಾದ.

ಫ್ರಾನ್ಸಿನದು ಇನ್ನೂ ವಿಚಿತ್ರ ಕಥೆ. 25 ನಳಿಗೆಗಳ ಮಿತ್ರಾಯೂಸ್ ಎಂಬ ಕೋವಿಯನ್ನು ಫ್ರೆಂಚರು 1860ರ ದಶಕದಲ್ಲಿ ಪರಮ ಗುಟ್ಟಾಗಿ ತಯಾರಿಸಿದರು. ಎಷ್ಟು ಗುಟ್ಟೆಂದರೆ 1870ರಲ್ಲಿ ಪ್ರಷ್ಯದೊಂದಿಗೆ ಯುದ್ಧ ಶುರುವಾದಾಗ ಅದನ್ನು ಬಳಸುವ ಬಗೆ ಅವರ ಸೈನಿಕರಿಗೇ ಸರಿಯಾಗಿ ಗೊತ್ತಿರಲಿಲ್ಲ. ಫಿರಂಗಿಗಳ ಸಾಲಿನಲ್ಲಿ ದೂರದಲ್ಲಿ ನಿಲ್ಲಿಸಿದರು. ಪ್ರಷ್ಯದ ನಿಜವಾದ ಫಿರಂಗಿಗಳು ಅವನ್ನು ಆರಾಮವಾಗಿ ಹುಡುಕಿ ಒಡೆದುಹಾಕಿದವು. ಹೊಸ ಯಂತ್ರ ಬಂದರೆ ಸಾಲದು, ಅದಕ್ಕೆ ತಕ್ಕ ಹೊಸ ಬುದ್ಧಿಯೂ ಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಒದೆತವನ್ನೇ ದುಡಿಸಿಕೊಂಡವನು

ಗ್ಯಾಟ್ಲಿಂಗ್‌ನ ಕೋವಿಗೆ ಹಿಡಿ ತಿರುಗಿಸಲು ಮನುಷ್ಯನ ತೋಳು ಬೇಕಿತ್ತು. ಆ ತೋಳನ್ನೂ ಬೇಡವಾಗಿಸಿದವನು ಹೈರಮ್ ಮ್ಯಾಕ್ಸಿಮ್. ಅಮೆರಿಕದ ಮೇನ್ ರಾಜ್ಯದಲ್ಲಿ 1840ರಲ್ಲಿ ಹುಟ್ಟಿದ ಈತ ವಿದ್ಯುದ್ದೀಪಗಳ ಕ್ಷೇತ್ರದಲ್ಲಿ ಎಡಿಸನ್ನನ ಪ್ರತಿಸ್ಪರ್ಧಿಯಾಗಿದ್ದವನು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನಕ್ಕಾಗಿ ಯೂರೋಪಿಗೆ ಬಂದಿದ್ದ. ಈ ರಸಾಯನಶಾಸ್ತ್ರ, ವಿದ್ಯುತ್ತು ಎಲ್ಲ ಬಿಡು. ದುಡ್ಡು ಬೇಕಿದ್ದರೆ ಯೂರೋಪಿನವರು ಪರಸ್ಪರ ಕತ್ತು ಕೊಯ್ದುಕೊಳ್ಳುವುದು ಇನ್ನಷ್ಟು ಸುಲಭವಾಗುವಂಥದ್ದೇನಾದರೂ ಮಾಡು ಎಂದು ಸ್ವದೇಶದ ಪರಿಚಿತನೊಬ್ಬ ತನಗೆ ಹೇಳಿದನೆಂದು ಮ್ಯಾಕ್ಸಿಮ್ ಮುಂದೆ ನೆನಪಿಸಿಕೊಂಡಿದ್ದಾನೆ. ಗ್ಯಾಟ್ಲಿಂಗ್‌ನಂತೆ ಪರೋಪಕಾರದ ಲೆಕ್ಕ ಇಲ್ಲಿರಲಿಲ್ಲ.

ತೆಪ್ಪದಿಂದ ದಡಕ್ಕೆ ಜಿಗಿದವರಿಗೆ ಗೊತ್ತು: ನಾವು ಮುಂದೆ ಹಾರಿದರೆ ತೆಪ್ಪ ಹಿಂದೆ ಸರಿಯುತ್ತದೆ. ಗುಂಡು ಮುಂದೆ ಹಾರಿದಾಗ ಕೋವಿಯೂ ಹಾಗೆಯೇ ಹಿಂದಕ್ಕೆ ಒದೆಯುತ್ತದೆ. ನೂರಾರು ವರ್ಷ ಸೈನಿಕರ ಭುಜ ನೋಯಿಸುತ್ತಿದ್ದ ಈ ಒದೆತ ವ್ಯರ್ಥವಾಗುತ್ತಿರುವ ಶಕ್ತಿ ಎಂದು ಕಂಡದ್ದು ಮ್ಯಾಕ್ಸಿಮ್‌ನ ಪ್ರತಿಭೆ. ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿದ್ದ ತನ್ನ ಕಾರ್ಯಾಗಾರದಲ್ಲಿ 1884ರ ಹೊತ್ತಿಗೆ ಆತ ಸಿದ್ಧಪಡಿಸಿದ ಕೋವಿಯಲ್ಲಿ ಒದೆತದ ಬಲದಿಂದಲೇ ನಳಿಗೆ ತುಸು ಹಿಂದೆ ಸರಿಯುತ್ತಿತ್ತು, ಹಿಂಬದಿಯ ಬಾಗಿಲು ತೆರೆಯುತ್ತಿತ್ತು, ಖಾಲಿ ಚಿಪ್ಪು ಹೊರಬೀಳುತ್ತಿತ್ತು, ಬಟ್ಟೆಯ ಪಟ್ಟಿಯಿಂದ ಹೊಸ ತೋಟಾ ಬಂದು ಕೂರುತ್ತಿತ್ತು. ಸ್ಪ್ರಿಂಗ್ ಎಲ್ಲವನ್ನೂ ಮೊದಲಿನ ಜಾಗಕ್ಕೆ ತಳ್ಳುತ್ತಿತ್ತು. ಸೈನಿಕ ಮಾಡಬೇಕಾದದ್ದು ಒಂದೇ: ಗುಂಡಿಯನ್ನು ಒತ್ತಿ ಹಿಡಿಯುವುದು. ನಿಮಿಷಕ್ಕೆ ಸುಮಾರು 600 ಗುಂಡು, ಎಂದರೆ ಸೆಕೆಂಡಿಗೆ ಹತ್ತು. ಒಂದೇ ನಳಿಗೆ ಕಾದು ಕೆಂಪಾಗದಂತೆ ಅದರ ಸುತ್ತ ನೀರಿನ ತೊಟ್ಟಿ.

ಇದೇ ಹೊತ್ತಿಗೆ, 1884ರಲ್ಲಿ, ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಕೋವಿಮದ್ದನ್ನು ಕಂಡುಹಿಡಿದ. ಹಳೆಯ ಕಪ್ಪುಮದ್ದು ನಾಲ್ಕು ಸುತ್ತು ಹಾರಿಸುವಷ್ಟರಲ್ಲಿ ದಟ್ಟ ಹೊಗೆ ಎಬ್ಬಿಸಿ ಸೈನಿಕನ ಕಣ್ಣು ಕಟ್ಟುತ್ತಿತ್ತು, ನಳಿಗೆಯೊಳಗೆ ಮಸಿ ಕಟ್ಟುತ್ತಿತ್ತು. ಹೊಸ ಮದ್ದಿನಿಂದ ಆ ಎರಡು ಅಡ್ಡಿಗಳೂ ತೊಲಗಿದವು.

ಯಾರ ಮೇಲೆ?

ಯೂರೋಪಿನವರ ಕತ್ತು ಕೊಯ್ಯುವುದಕ್ಕೆಂದು ಹೊರಟ ಕೋವಿ ಮೊದಲ ಮೂವತ್ತು ವರ್ಷ ಹೆಚ್ಚಾಗಿ ಕೊಂದದ್ದು ಯೂರೋಪಿನವರನ್ನಲ್ಲ. ಆಫ್ರಿಕ, ಏಷ್ಯಗಳ ಜನರನ್ನು. 1893ರ ಅಕ್ಟೋಬರ್‌ನಲ್ಲಿ ಇಂದಿನ ಜಿಂಬಾಬ್ವೆಯ ಶಾಂಗನಿ ನದಿಯ ಬಳಿ ಸೆಸಿಲ್ ರೋಡ್ಸ್ ಕಂಪೆನಿಯ ಕೆಲವು ನೂರು ಜನರ ಪಡೆ, ಬೆರಳೆಣಿಕೆಯ ಮ್ಯಾಕ್ಸಿಮ್ ಕೋವಿಗಳಿಂದ, ರಾಜ ಲೊಬೆಂಗುಲನ ಸಾವಿರಾರು ಯೋಧರನ್ನು ತಡೆದು ನಿಲ್ಲಿಸಿತು. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಮ್‌ಡರ್ಮನ್‌ನಲ್ಲಿ ಕಿಚನರ್‌ನ ಸೈನ್ಯದ ಎದುರು ಸುಮಾರು 50,000 ಸೂಡಾನಿಗಳು ಬಯಲಿನಲ್ಲಿ ನಡೆದು ಬಂದರು. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತಿದ್ದರು. ಕಿಚನರ್‌ನ ಕಡೆ ಸತ್ತವರು ಐವತ್ತಕ್ಕೂ ಕಡಿಮೆ. ಫಿರಂಗಿಗಳ, ಹೊಸ ಬಗೆಯ ರೈಫಲ್‌ಗಳ ಪಾಲೂ ಇದರಲ್ಲಿತ್ತೆನ್ನಿ. ಬೆಂಗಳೂರಿನ ದಂಡಿನಲ್ಲಿದ್ದ ಅಶ್ವದಳದ ಯುವ ಅಧಿಕಾರಿಯೊಬ್ಬ ಅಲ್ಲಿ ಹಾಜರಿದ್ದು, ಮರುವರ್ಷ ಆ ಯುದ್ಧದ ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಆತನ ಹೆಸರು ವಿನ್‌ಸ್ಟನ್ ಚರ್ಚಿಲ್.

1904ರ ಮಾರ್ಚ್ 31ರಂದು ಸರದಿ ಟಿಬೆಟ್ಟಿನದು. ಯಂಗ್‌ಹಸ್‌ಬೆಂಡ್ ನೇತೃತ್ವದಲ್ಲಿ ಭಾರತದಿಂದ ಹೊರಟ ಬ್ರಿಟಿಷ್ ದಂಡು ಗುರು ಎಂಬ ಹಳ್ಳಿಯ ಬಳಿ ಬತ್ತಿಕೋವಿ, ಕತ್ತಿಗಳನ್ನು ಹಿಡಿದು ನಿಂತ ಟಿಬೆಟ್ಟಿಗರನ್ನು ಎದುರಿಸಿತು. ಕೆಲವೇ ನಿಮಿಷಗಳಲ್ಲಿ ಆರು ನೂರಕ್ಕೂ ಹೆಚ್ಚು ಟಿಬೆಟ್ಟಿಗರು ಹೆಣವಾದರು. ಉಳಿದವರು ಓಡಲಿಲ್ಲ, ತಲೆ ತಗ್ಗಿಸಿ ನಿಧಾನವಾಗಿ ನಡೆದುಹೋದರು. ಅವರ ಬೆನ್ನಿಗೂ ಗುಂಡು ಬಿತ್ತು. ಆದಷ್ಟು ಹೆಚ್ಚು ಜನರನ್ನು ಕೆಡವಬೇಕೆಂದು ಸೇನಾಪತಿಯ ಆಜ್ಞೆಯಿದ್ದರೂ, ಆ ಕಗ್ಗೊಲೆಗೆ ಹೇಸಿ ತಾನು ಗುಂಡು ಹಾರಿಸುವುದನ್ನು ನಿಲ್ಲಿಸಿದೆನೆಂದು ಮ್ಯಾಕ್ಸಿಮ್ ಕೋವಿಗಳ ಹೊಣೆ ಹೊತ್ತಿದ್ದ ಅಧಿಕಾರಿ ಹ್ಯಾಡೊ ಮನೆಗೆ ಬರೆದ ಪತ್ರದಲ್ಲಿ ಹೇಳಿಕೊಂಡ.

ಯೂರೋಪಿನಲ್ಲಿ ಇಂತಹ ಹೇಸಿಗೆ ಹೆಚ್ಚು ಜನಕ್ಕೆ ಆಗಲಿಲ್ಲ. 1899ರ ಹೇಗ್ ಸಮ್ಮೇಳನದಲ್ಲಿ ದೇಹದೊಳಗೆ ಹೊಕ್ಕು ಅರಳುವ ಗುಂಡುಗಳನ್ನು ನಿಷೇಧಿಸಲು ಹಲವು ರಾಷ್ಟ್ರಗಳು ಒಪ್ಪಿದವು. ಆ ಜಾತಿಯ ಗುಂಡಿಗೆ ನಮ್ಮ ಕಲ್ಕತ್ತೆಯ ಬಳಿಯ ಡಮ್‌ಡಮ್ ಮದ್ದಿನ ಕಾರ್ಖಾನೆಯ ಹೆಸರೇ ನಿಂತಿದೆ. ಆದರೆ ಸೆಕೆಂಡಿಗೆ ಹತ್ತು ಗುಂಡು ಉಗುಳುವ ಯಂತ್ರಕ್ಕೆ ನಿಷೇಧ ಬೀಳಲಿಲ್ಲ. ‘ಅನಾಗರಿಕ’ರನ್ನು ಅಂಕೆಯಲ್ಲಿಡಲು ಅದು ಅಗ್ಗದ ಸಾಧನವೆಂದೂ, ಸಮಾನಸ್ಕಂಧರ ಯುದ್ಧದಲ್ಲಿ ಧೈರ್ಯ, ಶಿಸ್ತು, ಕುದುರೆಗಳೇ ಗೆಲ್ಲುವುವೆಂದೂ ಹಲವು ಸೇನಾಪತಿಗಳು ನಂಬಿದ್ದರು. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ಎರಡೂ ಕಡೆಯವರ ಕೈಯಲ್ಲಿ ಮೆಷಿನ್‌ಗನ್‌ಗಳಿದ್ದವು. ಯೂರೋಪಿನ ವೀಕ್ಷಕರು ಅಲ್ಲಿ ನಿಂತು ಎಲ್ಲವನ್ನೂ ನೋಡಿದರು. ಅಪಾರ ಸಾವುನೋವು ಉಂಡರೂ ಜಪಾನೀಯರು ಪೋರ್ಟ್ ಆರ್ಥರ್ ಗೆದ್ದರಲ್ಲ ಎಂಬುದೇ ಅವರಲ್ಲಿ ಅನೇಕರು ಹೊತ್ತು ತಂದ ಪಾಠ.

ತಿರುಗಿಬಿದ್ದ ಕೋವಿ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷರ ಒಂದು ಕಾಲ್ದಳದ ಬೆಟಾಲಿಯನ್ನಿಗೆ ಇದ್ದದ್ದು ಎರಡೇ ಮೆಷಿನ್‌ಗನ್. ಆ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನ ಹೊಲ್ಲೆಬೆಕೆಯಲ್ಲಿ ಅಂಥ ಎರಡು ಕೋವಿಗಳೊಂದಿಗೆ 129ನೇ ಬಲೂಚಿ ದಳದ ಭಾರತೀಯ ಸೈನಿಕರು ಜರ್ಮನ್ನರನ್ನು ತಡೆದು ನಿಂತರು. ಒಂದು ಕೋವಿ ಶೆಲ್ಲಿಗೆ ಸಿಕ್ಕಿತು. ಇನ್ನೊಂದರ ತಂಡದಲ್ಲಿ ಐವರು ಸತ್ತರು. ಗಾಯಗೊಂಡಿದ್ದ ಆರನೆಯವ, ಪಂಜಾಬಿನ ಚಕ್ವಾಲ್ ಕಡೆಯ ಸಿಪಾಯಿ ಖುದಾದಾದ್ ಖಾನ್, ಒಬ್ಬನೇ ಕೋವಿ ನಡೆಸಿದ. ಭಾರತೀಯ ಸೈನಿಕನಿಗೆ ಸಂದ ಮೊದಲ ವಿಕ್ಟೋರಿಯಾ ಕ್ರಾಸ್ ಅವನದು. ಒಬ್ಬನು ನೂರು ಜನರ ಕೆಲಸ ಮಾಡಬಲ್ಲನೆಂಬ ಗ್ಯಾಟ್ಲಿಂಗ್‌ನ ಮಾತು ಅಲ್ಲಿ ಅಕ್ಷರಶಃ ನಿಜವಾಯಿತು.

ಆದರೆ ಆ ಮಾತಿನ ಎರಡನೆಯ ಭಾಗ? ಸೈನ್ಯಗಳು ಚಿಕ್ಕದಾಗಲಿಲ್ಲ. ಲಕ್ಷಗಳಿಂದ ಕೋಟಿಗೆ ಬೆಳೆದವು. ಕೋವಿಗಳೂ ಅದೇ ಪ್ರಮಾಣದಲ್ಲಿ ಬೆಳೆದವು. ಜರ್ಮನ್ನರ 1908ರ ಮಾದರಿ, ರಷ್ಯನ್ನರ 1910ರ ಮಾದರಿ, ಬ್ರಿಟಿಷರ ವಿಕರ್ಸ್ ಮೂರೂ ಮ್ಯಾಕ್ಸಿಮ್ ಕೋವಿಯ ಮಕ್ಕಳೇ. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ನದಿಯ ಬಳಿ ಬ್ರಿಟಿಷ್ ಸೈನಿಕರು ಕಂದಕಗಳಿಂದೆದ್ದು ಜರ್ಮನ್ ಸಾಲುಗಳತ್ತ ನಡೆದರು. ಓಮ್‌ಡರ್ಮನ್‌ನಲ್ಲಿ ಸೂಡಾನಿಗಳು ನಡೆದು ಬಂದ ಹಾಗೆಯೇ. ಅದೊಂದೇ ದಿನ ಬ್ರಿಟಿಷರ ಕಡೆ 19,240 ಮಂದಿ ಸತ್ತರು. ಗಾಯಾಳುಗಳು, ಕಾಣೆಯಾದವರು ಸೇರಿ ನಷ್ಟ 57,470. ಇಡೀ ಯುದ್ಧದಲ್ಲಿ ಹೆಚ್ಚು ಜನರನ್ನು ಕೊಂದದ್ದು ಫಿರಂಗಿಗಳೇ. ಆದರೆ ಮನುಷ್ಯರು ಭೂಮಿಯೊಳಗೆ ಬಿಲ ತೋಡಿಕೊಂಡು ನಾಲ್ಕು ವರ್ಷ ಬದುಕುವಂತಾದದ್ದರಲ್ಲಿ ಮೆಷಿನ್‌ಗನ್ನಿನ ಪಾತ್ರ ದೊಡ್ಡದು. ಸೊಮ್ ಕದನ ನಿಂತ ಆರೇ ದಿನಗಳಲ್ಲಿ, ನವೆಂಬರ್ 24ರಂದು, ಸರ್ ಹೈರಮ್ ಮ್ಯಾಕ್ಸಿಮ್ ಲಂಡನ್ನಿನಲ್ಲಿ ತೀರಿಕೊಂಡ. ತನ್ನ ಕೋವಿಗಳ ಸದ್ದಿಗೆ ಆತನ ಕಿವಿಗಳು ಎಂದೋ ಕಿವುಡಾಗಿದ್ದವು.

ಮೆಷಿನ್‌ಗನ್ನಿನ ಎದುರು ಕುದುರೆ ಗೆದ್ದ ಅಪರೂಪದ ಪ್ರಸಂಗವೊಂದರಲ್ಲಿ ಮೈಸೂರಿನ ಪಾಲೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರ ಲ್ಯಾನ್ಸರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳಗಳು ಈಟಿ ಹಿಡಿದು ಏರಿಹೋದವು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ಶತ್ರು ಫಿರಂಗಿಗಳ ಮೇಲೆ ಬಿದ್ದವರು ಮೈಸೂರಿನವರು. 1,350 ಸೆರೆಯಾಳುಗಳು, 17 ಫಿರಂಗಿಗಳು, 11 ಮೆಷಿನ್‌ಗನ್‌ಗಳು ಕೈವಶವಾದವು. ಸತ್ತ ಸವಾರರು 8. ಸತ್ತ ಕುದುರೆಗಳು 60. ಮುಳ್ಳುತಂತಿ, ಕೆಸರು, ಕಂದಕಗಳಿಲ್ಲದ ನೆಲದಲ್ಲಿ ಓಡುವ ಕುದುರೆಯನ್ನು ಗುಂಡು ತಾಗಿದೊಡನೆ ನಿಲ್ಲಿಸಲು ಆಗಲಿಲ್ಲ; ಎಷ್ಟೋ ಕುದುರೆಗಳು ಸವಾರನನ್ನು ಗುರಿ ಮುಟ್ಟಿಸಿ ಅನಂತರ ಪ್ರಾಣ ಬಿಟ್ಟವು. ದೆಹಲಿಯ ತೀನ್ ಮೂರ್ತಿಗಳಲ್ಲಿ ಒಂದು ಈ ಮೈಸೂರು ಸವಾರರ ನೆನಪಿನದು. ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಯುದ್ಧ ಮುಗಿದ ಮರುವರ್ಷ, 1919ರ ಏಪ್ರಿಲ್ 13ರಂದು, ಅದೇ ಭಾರತೀಯರ ಊರಿನಲ್ಲಿ ನಡೆದದ್ದನ್ನು ಹೇಳದೆ ಈ ಕಥೆ ಮುಗಿಯದು. ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಜನರಲ್ ಡಯರ್ ಮೆಷಿನ್‌ಗನ್ ಹೊತ್ತ ಎರಡು ಉಕ್ಕಿನ ಕಾರುಗಳನ್ನೂ ತಂದಿದ್ದ. ಓಣಿ ಕಿರಿದಾಗಿದ್ದರಿಂದ ಅವು ಒಳಗೆ ಹೋಗಲಿಲ್ಲ. 50 ರೈಫಲ್‌ಗಳಿಂದ ಹಾರಿದ 1,650 ಗುಂಡುಗಳಿಗೆ ಸರ್ಕಾರಿ ಲೆಕ್ಕದಲ್ಲೇ 379 ಜನ ಬಲಿಯಾದರು. ಕಾರುಗಳು ಒಳಗೆ ಹೋಗುವಂತಿದ್ದರೆ ಮೆಷಿನ್‌ಗನ್ ಬಳಸುತ್ತಿದ್ದಿರಾ ಎಂದು ಹಂಟರ್ ಸಮಿತಿಯ ಮುಂದೆ ಚಿಮನ್‌ಲಾಲ್ ಸೆಟಲ್ವಾಡ್ ಕೇಳಿದರು. ಪ್ರಾಯಶಃ ಹೌದು ಎಂಬ ಅರ್ಥದ ಉತ್ತರ ಬಂತು. ಎರಡು ಕಾರುಗಳಲ್ಲಿದ್ದ ಕೋವಿಗಳಿಗೆ ಅಷ್ಟು ಗುಂಡು ಕೆಲವೇ ನಿಮಿಷಗಳ ಕೆಲಸ. ಅಂದು ಎಷ್ಟೋ ಜೀವ ಉಳಿಸಿದ್ದು ಆ ಊರಿನ ಇಕ್ಕಟ್ಟಾದ ಓಣಿ.

ಲೆಕ್ಕ ತಪ್ಪಿದ್ದೆಲ್ಲಿ?

ಗ್ಯಾಟ್ಲಿಂಗ್‌ನ ಗಣಿತದಲ್ಲಿ ದೋಷವಿರಲಿಲ್ಲ. ನೂರು ಜನರ ಕೆಲಸ ಒಬ್ಬನಿಂದ ಆಗುವುದಾದರೆ ಉಳಿದ ತೊಂಬತ್ತೊಂಬತ್ತು ಜನರನ್ನು ರಾಜರು, ಮಂತ್ರಿಗಳು ಮನೆಗೆ ಕಳಿಸುತ್ತಾರೆಂದು ಆತ ಭಾವಿಸಿದ. ಅವರು ಆ ತೊಂಬತ್ತೊಂಬತ್ತು ಜನರ ಕೈಗೂ ಒಂದೊಂದು ಯಂತ್ರ ಕೊಟ್ಟರು. ತನ್ನ ಕಡೆ ಮಾತ್ರ ಕೋವಿ ಇರುತ್ತದೆಂದು ಪ್ರತಿಯೊಂದು ದೇಶವೂ ಎಣಿಸಿತು. ಮಾರುವ ಕಂಪೆನಿಗಳು ಎಲ್ಲರಿಗೂ ಮಾರಿದವು.

ದಂಡಿನ ರೋಗಗಳು ಮಾತ್ರ ನಿಜವಾಗಿಯೂ ಇಳಿದವು. ಆದರೆ ಅದು ಕೋವಿಯಿಂದಲ್ಲ. ಕುದಿಸಿದ ನೀರು, ಶುಚಿಯಾದ ಶೌಚಾಲಯ, ಶಸ್ತ್ರಚಿಕಿತ್ಸೆಯ ಚೊಕ್ಕಟತನ, ಲಸಿಕೆ ಇವುಗಳಿಂದ. ಬ್ರಿಟನ್ನಿನ ಆಲ್‌ಮ್ರಾತ್ ರೈಟ್ 1896ರಲ್ಲಿ ಸಿದ್ಧಪಡಿಸಿದ ವಿಷಮಶೀತ ಜ್ವರದ ಲಸಿಕೆಯನ್ನು ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ವ್ಯಾಪಕವಾಗಿ ಹಾಕಲಾಯಿತು. ಬೋಯರ್ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೇ ಹೆಚ್ಚು ಸೈನಿಕರನ್ನು ಕಳೆದುಕೊಂಡಿದ್ದ ಬ್ರಿಟಿಷರಿಗೆ ಫ್ರಾನ್ಸಿನ ರಣರಂಗದಲ್ಲಿ ಆ ಅನುಪಾತ ತಿರುಗಿಬಿತ್ತು. ವೈದ್ಯರು ಜ್ವರದಿಂದ ಕಾಪಾಡಿದ ಹುಡುಗರನ್ನು ಕೋವಿಗಳು ಕೊಂದವು.

ಮ್ಯಾಕ್ಸಿಮ್‌ಗೆ ಇಳಿವಯಸ್ಸಿನಲ್ಲಿ ಶ್ವಾಸನಾಳದ ಕಾಯಿಲೆ ಬಂತು. ತನಗಾಗಿ ಆತ ಔಷಧದ ಆವಿ ಸೇದುವ ಒಂದು ಪುಟ್ಟ ಸಾಧನ ಮಾಡಿಕೊಂಡ. ಅದು ಇತರರಿಗೂ ಉಪಯೋಗಕ್ಕೆ ಬಂತು. ಇಷ್ಟು ದೊಡ್ಡ ಮನುಷ್ಯ ಇಂತಹ ನಾಟಿ ಮದ್ದಿಗೆ ಇಳಿದನಲ್ಲ ಎಂದು ಗೆಳೆಯರು ಮರುಗಿದರು. ಕೊಲ್ಲುವ ಯಂತ್ರ ಮಾಡಿದರೆ ಗೌರವ, ನರಳಾಟ ತಪ್ಪಿಸುವ ಯಂತ್ರ ಮಾಡಿದರೆ ಅವಮಾನ ಎಂದು ಆತ ತನ್ನ ಆತ್ಮಕಥೆಯಲ್ಲಿ ಕಟುವಾಗಿ ಬರೆದುಕೊಂಡಿದ್ದಾನೆ. ಗ್ಯಾಟ್ಲಿಂಗ್ 1903ರಲ್ಲಿ ತೀರಿಕೊಳ್ಳುವ ಮೊದಲು ಕೊನೆಯ ವರ್ಷಗಳನ್ನು ಕಳೆದದ್ದು ಯಂತ್ರದ ನೇಗಿಲೊಂದನ್ನು ಮಾಡುವುದರಲ್ಲಿ. ಆ ನೇಗಿಲನ್ನು ಇಂದು ಯಾರೂ ನೆನೆಯುವುದಿಲ್ಲ. ಕೋವಿಯ ಹೆಸರು ಉಳಿದಿದೆ. ಯುದ್ಧವಿಮಾನಗಳಲ್ಲಿ ವಿದ್ಯುತ್ ಬಲದಿಂದ ಸುತ್ತುತ್ತ ನಿಮಿಷಕ್ಕೆ ಸಾವಿರಾರು ಗುಂಡು ಬಿತ್ತುವ ಬಹುನಳಿಗೆಯ ಕೋವಿಗಳನ್ನು ಇಂದಿಗೂ ಗ್ಯಾಟ್ಲಿಂಗ್ ಎಂದೇ ಕರೆಯುತ್ತಾರೆ.